ಕಂಬಿಯ ಮೇಲೆ ಎರಡು ಕೈ

ಕಲ್ಲು ಬಿದ್ದದ್ದು ಒಂದು ಮಂಗಳವಾರ, ಸಂಜೆ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ. ಹದಿನೇಳನೇ ನಂಬರಿನ ಬಸ್ಸು ಪಾದಚಾರಿ ಸೇತುವೆಯ ಕೆಳಗೆ ಹಾದುಹೋಗುವ ಹೊತ್ತು. ಮುಷ್ಟಿಗಾತ್ರದ ಕಲ್ಲು, ಅಷ್ಟೇ. ಆದರೆ ಬೀಳುವ ಕಲ್ಲಿನ ರಭಸಕ್ಕೆ ಓಡುವ ಬಸ್ಸಿನ ರಭಸವೂ ಸೇರಿತು. ಮುಂದಿನ ಗಾಜು ಒಮ್ಮೆಗೇ ಬೆಳ್ಳಗೆ ಬಿರಿದು, ನಡುವೆ ತೂತು ಬಿದ್ದು, ಚೂರುಗಳು ಡ್ರೈವರಿನ ಮಡಿಲಿಗೆ ಸುರಿದವು.

ಆ ಡಿಪೋದ ನೂರಾ ಎಂಬತ್ತು ಡ್ರೈವರುಗಳಲ್ಲಿ ಹೆಂಗಸು ಅಂತ ಇದ್ದವಳು ಆಕೆ ಒಬ್ಬಳೇ. ಎಲ್ಲರೂ ಡ್ರೈವರಮ್ಮ ಎಂದೇ ಕರೆಯುತ್ತಿದ್ದರು. ಹನ್ನೊಂದು ವರ್ಷದ ಸರ್ವೀಸಿನಲ್ಲಿ ಒಂದು ಸೈಕಲ್ಲಿಗೂ ತಾಗಿಸಿದವಳಲ್ಲ. ಹುಬ್ಬು ಸೀಳಿ ರಕ್ತ ಬಲಗಣ್ಣಿಗೆ ಇಳಿಯುತ್ತಿದ್ದರೂ ಸ್ಟಿಯರಿಂಗ್ ಬಿಡದೆ, ಬಸ್ಸನ್ನು ಮೆಲ್ಲಗೆ ರಸ್ತೆಯ ಅಂಚಿಗೆ ತಂದು ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಆಮೇಲೆ ಎದ್ದು ಒಂದೊಂದೇ ಸೀಟಿನ ಹತ್ತಿರ ಹೋಗಿ ಏಟಾಯಿತೇ ಎಂದು ವಿಚಾರಿಸಿದಳು. ಮುಂದಿನ ಸೀಟಿನ ಮುದುಕರೊಬ್ಬರ ಕನ್ನಡಕ ಒಡೆದದ್ದು ಬಿಟ್ಟರೆ ಯಾರಿಗೂ ಏನೂ ಆಗಿರಲಿಲ್ಲ. ಆಕೆಯ ಹುಬ್ಬಿಗೆ ಏಳು ಹೊಲಿಗೆ ಬಿತ್ತು. ಡಿಪೋದವರು ಪ್ರಶಂಸಾಪತ್ರ ಕೊಟ್ಟು ಫೋಟೋ ತೆಗೆಸಿದರು. ಹೆಂಗಸರ ಕೈಗೆ ಬಸ್ಸು ಕೊಡುವುದೇ ಎಂದು ಹಿಂದೆ ಮೂಗು ಮುರಿದಿದ್ದವರೂ ಆ ಫೋಟೋದಲ್ಲಿ ಹಲ್ಲು ಬಿಟ್ಟುಕೊಂಡು ನಿಂತಿದ್ದರು.

ಹೊಲಿಗೆ ಬಿಚ್ಚಿಸಿಕೊಂಡು ಮತ್ತೆ ಅದೇ ರೂಟಿಗೆ ಹೋದ ದಿನ ಇನ್ನೊಂದು ಸಂಗತಿ ನಡೆಯಿತು. ಅದರ ಫೋಟೋ ಯಾರೂ ತೆಗೆಯಲಿಲ್ಲ. ಸೇತುವೆ ಇನ್ನೂ ನೂರು ಅಡಿ ದೂರ ಇರುವಾಗಲೇ ಆಕೆಯ ಬಲಗಾಲು ತನ್ನಷ್ಟಕ್ಕೆ ತಾನೇ ಬ್ರೇಕಿನ ಮೇಲೆ ಕೂತುಬಿಟ್ಟಿತು. ನಿಂತಿದ್ದ ಜನ ಒಬ್ಬರ ಮೇಲೊಬ್ಬರು ಬಿದ್ದರು. ಹಿಂದಿನ ಲಾರಿ ಒಂದು ಗೇಣಿನಲ್ಲಿ ತಪ್ಪಿತು. ನಾಯಿ ಅಡ್ಡ ಬಂತು ಎಂದು ಆಕೆ ಕಂಡಕ್ಟರಿಗೆ ಹೇಳಿದಳು. ಮಾರನೆಯ ದಿನವೂ ನಾಯಿ ಬಂತು. ಮೂರನೆಯ ದಿನ ಕುತ್ತಿಗೆ ನೋವೆಂದು ಅರ್ಜಿ ಬರೆದುಕೊಟ್ಟಳು.

ಕುತ್ತಿಗೆ ನೋವಿನವರಿಗೆ ಇದ್ದ ಹಗುರ ಕೆಲಸವೆಂದರೆ ಬಸ್ ನಿಲ್ದಾಣದ ಮೈಕು. ಗಾಜಿನ ಗೂಡಿನಂಥ ಕೋಣೆಯಲ್ಲಿ ಕೂತು, ಯಾವ ಬಸ್ಸು ಯಾವ ಅಂಕಣದಿಂದ ಹೊರಡುತ್ತದೆ ಎಂದು ದಿನವಿಡೀ ಹೇಳುವುದು. ಸಂಜೆ ಹದಿನೇಳನೇ ನಂಬರು ಹೊರಡುತ್ತದೆ ಎಂದು ಹೇಳುವಾಗ ಮಾತ್ರ ಆಕೆ ಕಿಟಕಿಯಾಚೆ ನೋಡುತ್ತಿರಲಿಲ್ಲ. ಗಂಡ ಮನೆಯಲ್ಲೇ ಶಾಲಾ ಸಮವಸ್ತ್ರ ಹೊಲಿಯುವ ದರ್ಜಿ, ಬಾಯಿತುಂಬ ಮಾತಿನ ಮನುಷ್ಯ. ಇಷ್ಟು ದಿನ ತಾನೊಬ್ಬನೇ ಕೇಳುತ್ತಿದ್ದ ಗದರಿಕೆಯನ್ನು ಈಗ ಊರೆಲ್ಲ ಕೇಳುವಂತಾಯಿತು, ತನಗೆ ಹೊರೆ ಇಳಿಯಿತು ಎಂದು ನಗಿಸಲು ನೋಡುತ್ತಿದ್ದ. ಅವನಿಗೂ ಆಕೆ ನಿಜ ಹೇಳಿರಲಿಲ್ಲ. ದಿನಾ ಅವನು ಕುತ್ತಿಗೆಗೆ ಮುಲಾಮು ತಿಕ್ಕುವಾಗ ಅಲ್ಲಿ ಎಳ್ಳಷ್ಟೂ ಬಿಗಿತವಿಲ್ಲವೆಂಬುದು ಅವನ ಬೆರಳಿಗೆ ಗೊತ್ತಾಗುತ್ತಿತ್ತು. ಆದರೂ ಕೇಳಲಿಲ್ಲ. ಯಾವುದನ್ನು ಬೇಕಾದರೂ ಮಾತಿಗೆ ಎಳೆಯುವ ಮನುಷ್ಯ ಅದೊಂದನ್ನು ಮುಟ್ಟಲಿಲ್ಲ.

ಕಲ್ಲು ಹಾಕಿದವಳು ಹದಿನಾಲ್ಕು ವರ್ಷದ ಹುಡುಗಿ. ಗುಂಡೆಸೆತದಲ್ಲಿ ಶಾಲೆಗೇ ಮೊದಲು. ತೋಳಿನ ಬಲ ನೋಡಿ ಗೆಳತಿಯರು ಫಿರಂಗಿ ಎಂದು ಹೆಸರಿಟ್ಟಿದ್ದರು. ಅಪ್ಪ ಅಮ್ಮ ದೂರದ ಗಣಿಯೊಂದರಲ್ಲಿ ಕೆಲಸಕ್ಕಿದ್ದರು. ಇವಳು ಬೆಳೆದದ್ದು ಅಮ್ಮನ ಅಪ್ಪನ ಹತ್ತಿರ. ಅಜ್ಜನದು ಬೀಗ ರಿಪೇರಿಯ ಅಂಗಡಿ, ಎರಡು ಕುರ್ಚಿ ಇಟ್ಟರೆ ಮೂರನೆಯದಕ್ಕೆ ಜಾಗವಿಲ್ಲದಷ್ಟು ಚಿಕ್ಕದು.

ಶಾಲೆ ಬಿಟ್ಟ ಮೇಲೆ ಫಿರಂಗಿಯೂ ಇಬ್ಬರು ಗೆಳತಿಯರೂ ಸೇತುವೆಯ ಮೇಲೆ ನಿಂತು, ಕೆಳಗೆ ಹೋಗುವ ಬಸ್ಸುಗಳ ತಗಡಿನ ಮೇಲೆ ಹರಳುಕಲ್ಲು ಬಿಡುತ್ತಿದ್ದರು. ಟಣ್ ಎಂದು ಸದ್ದಾದರೆ ಗೆದ್ದ ಹಾಗೆ. ಆ ಮಂಗಳವಾರ ಎಲ್ಲರ ಹರಳೂ ಗುರಿ ತಪ್ಪಿತು. ದೊಡ್ಡದಾದರೆ ದೊಡ್ಡ ಸದ್ದು ಬರುತ್ತದೆ ಎಂದು ಯಾರೋ ಅಂದರು. ದೊಡ್ಡದನ್ನು ಎತ್ತಿಕೊಂಡವಳು ಫಿರಂಗಿ. ಎದುರಿನ ಔಷಧಿ ಅಂಗಡಿಯ ಕ್ಯಾಮೆರಾದಲ್ಲಿ ಅವಳ ಮುಖ ಸಿಕ್ಕಿತು. ಗೆಳತಿಯರಿಬ್ಬರೂ ತಾವು ಅಷ್ಟುಹೊತ್ತಿಗೆ ಮನೆ ಸೇರಿದ್ದೆವೆಂದು ಆಣೆ ಮಾಡಿದರು. ಪೊಲೀಸರು ಎಷ್ಟು ಕೇಳಿದರೂ ಅವಳು ಅವರ ಹೆಸರು ಹೇಳಲಿಲ್ಲ. ಆಟದ ಮೇಷ್ಟ್ರು ತಂಡದ ಪಟ್ಟಿಯಿಂದ ಅವಳ ಹೆಸರು ಹೊಡೆದುಹಾಕಿದರು. ಮನೆಯ ಕೀಲಿಯನ್ನೇ ಅಜ್ಜನ ಕೈಗಿಟ್ಟು ಹೋಗುತ್ತಿದ್ದ ಗಿರಾಕಿಗಳು, ಈಗ ಬೀಗ ರಿಪೇರಿಯಾಗುವ ತನಕ ಅಂಗಡಿಯ ಮುಂದೆಯೇ ನಿಂತಿರತೊಡಗಿದರು. ಅಜ್ಜ ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಅವಳಿಗೆ ಕಣ್ಣಿತ್ತು, ಕಂಡಳು.

ಮಕ್ಕಳ ನ್ಯಾಯಮಂಡಳಿಯ ಮುಂದೆ ಎರಡು ದಾರಿಗಳಿದ್ದವು. ಒಂದು, ಹುಡುಗಿಯನ್ನು ಆರು ತಿಂಗಳು ಸುಧಾರಣಾ ಗೃಹಕ್ಕೆ ಕಳಿಸುವುದು. ಇನ್ನೊಂದು, ಏಟು ತಿಂದವರೂ ಕೊಟ್ಟವರೂ ಒಪ್ಪಿದರೆ ಎದುರುಬದುರು ಕೂರಿಸಿ, ಆದ ಹಾನಿಯನ್ನು ತುಂಬಿಕೊಡುವ ಬಗೆಯನ್ನು ಅವರಿಂದಲೇ ಹೇಳಿಸುವುದು. ಇದನ್ನು ನಡೆಸಿಕೊಡಲು ಮಂಡಳಿಯ ಕಡೆಯಿಂದ ಒಬ್ಬರಿದ್ದರು. ಆಸ್ಪತ್ರೆಯಲ್ಲಿ ಮೂವತ್ತು ವರ್ಷ ನರ್ಸಾಗಿದ್ದು ನಿವೃತ್ತರಾದವರು. ಎಲ್ಲಿ ಸಭೆಯಿದ್ದರೂ ಮೇಜುಗಳನ್ನೆಲ್ಲ ಗೋಡೆಗೆ ಸರಿಸಿ, ಕುರ್ಚಿಗಳನ್ನು ತಮ್ಮ ಕೈಯಾರೆ ದುಂಡಗೆ ಜೋಡಿಸುವುದು ಅವರ ಪದ್ಧತಿ. ಡ್ರೈವರಮ್ಮನ ದರ್ಜಿ ಗಂಡ ಆಮೇಲೆ ಅವರಿಗೆ ಕುರ್ಚಿ ಅಮ್ಮ ಎಂದು ಹೆಸರಿಟ್ಟ.

ಕುರ್ಚಿ ಅಮ್ಮ ಮೊದಲ ಸಲ ಮನೆಗೆ ಬಂದಾಗ ಡ್ರೈವರಮ್ಮ ಕೂತು ಮಾತಾಡಲೂ ಒಪ್ಪಲಿಲ್ಲ. ಆ ಹುಡುಗಿ ಅತ್ತು ಕ್ಷಮೆ ಕೇಳುವುದು, ತಾನು ತಲೆ ನೇವರಿಸುವುದು, ಎಲ್ಲರೂ ಸಂತೋಷವಾಗಿ ಮನೆಗೆ ಹೋಗುವುದು, ಅಂಥ ನಾಟಕಕ್ಕೆ ತನಗೆ ಪುರುಸೊತ್ತಿಲ್ಲ ಎಂದಳು. ಕುರ್ಚಿ ಅಮ್ಮ ವಾದಕ್ಕೆ ನಿಲ್ಲಲಿಲ್ಲ. ಕ್ಷಮಿಸಬೇಕೆಂದು ಯಾರೂ ನಿಮ್ಮನ್ನು ಕೇಳುವುದಿಲ್ಲ, ಕೇಳಿದರೆ ನಾನೇ ತಡೆಯುತ್ತೇನೆ ಎಂದಷ್ಟೇ ಹೇಳಿ ಹೋದರು. ಎರಡನೇ ಸಲ ಬಂದಾಗ, ಆ ಹುಡುಗಿಯನ್ನು ಕೇಳಬೇಕು ಅನ್ನಿಸುವಂಥದ್ದು ಏನಾದರೂ ಇದೆಯೇ ಎಂದರು. ಡ್ರೈವರಮ್ಮ ಈ ಸಲ ಕುರ್ಚಿ ಎಳೆದು ಕೂತಳು. ಆಮೇಲೆ, ಒಂದಿದೆ ಎಂದಳು.

ಅತ್ತ ಬೀಗದಂಗಡಿಗೂ ಅವರು ಮೂರು ಸಲ ಹೋಗಿ ಬಂದಿದ್ದರು. ಹುಡುಗಿ ಮೊದಲೆರಡು ಸಲ ಹೂಂ, ಉಹೂಂ ಬಿಟ್ಟರೆ ಬೇರೆ ಮಾತಾಡಲಿಲ್ಲ. ಮೂರನೇ ಸಲ, ಆ ಅಮ್ಮನ ಕಣ್ಣು ಹೋಗಿದೆಯಾ ಎಂದು ಕೇಳಿದಳು. ಇಲ್ಲವೆಂದು ತಿಳಿದಾಗ ಎದ್ದು ಅಂಗಡಿಯ ಹಿಂದಿನ ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಇದನ್ನೇ ಕೇಳಲು ಹೆದರಿ ಅವಳು ಇಷ್ಟು ದಿನ ಬಾಯಿ ಕಟ್ಟಿಕೊಂಡಿದ್ದಳು ಎಂದು ಅಜ್ಜನಿಗೆ ಆಗ ಹೊಳೆಯಿತು.

ಸಭೆ ಸೇರಿದ್ದು ಗ್ರಂಥಾಲಯದ ಮಹಡಿಯ ಕೋಣೆಯಲ್ಲಿ, ಒಂದು ಶನಿವಾರ ಬೆಳಿಗ್ಗೆ. ದುಂಡಗೆ ಆರು ಕುರ್ಚಿ. ಡ್ರೈವರಮ್ಮ, ಆಕೆಯ ಗಂಡ, ಹುಡುಗಿ, ಅಜ್ಜ, ಕುರ್ಚಿ ಅಮ್ಮ, ಮತ್ತು ಬಸ್ಸಿನ ಪರವಾಗಿ ಡಿಪೋ ಮ್ಯಾನೇಜರು. ಮ್ಯಾನೇಜರು ಒಡೆದ ಗಾಜಿನ ಲೆಕ್ಕದ ಫೈಲೊಂದನ್ನು ತೊಡೆಯ ಮೇಲಿಟ್ಟುಕೊಂಡು ಗಡಿಯಾರ ನೋಡುತ್ತಿದ್ದರು.

ಹುಡುಗಿ ಎದ್ದು ನಿಂತು ಕಾಗದ ಬಿಡಿಸಿದಳು. ಅವಿವೇಕದ ಕೃತ್ಯಕ್ಕಾಗಿ ವಿಷಾದಿಸುತ್ತೇನೆ ಎಂದು ಓದತೊಡಗಿದಳು. ಯಾರೋ ದೊಡ್ಡವರು ಬರೆದುಕೊಟ್ಟದ್ದು ಎಂದು ಮೊದಲ ಸಾಲಿಗೇ ತಿಳಿಯುತ್ತಿತ್ತು.

"ಅದನ್ನ ಮಡಚಿಡು. ಕೂತ್ಕೋ," ಎಂದಳು ಡ್ರೈವರಮ್ಮ. "ನಾನು ಕೇಳಿದ್ದಕ್ಕೆ ಹೇಳು, ಸಾಕು. ಅವತ್ತು ನಾನು ನಿನ್ನ ಕಣ್ಣಿಗೆ ಬಿದ್ದಿದ್ನಾ?"

ಹುಡುಗಿ ಅಜ್ಜನ ಕಡೆ ನೋಡಿದಳು. ಅಜ್ಜ ತನ್ನ ಅಂಗೈ ನೋಡಿಕೊಳ್ಳುತ್ತಿದ್ದ.

"ಮೊದಲು ಇಲ್ಲ ಮೇಡಂ. ಮೇಲಿಂದ ಬರೀ ತಗಡು ಕಾಣೋದು. ತಗಡಿನ ಮೇಲೆ ಬೀಳ್ಲಿ ಅಂತ ಬಿಟ್ಟೆ. ಬೇಗ ಬಿಟ್ಬಿಟ್ಟೆ."

"ಆಮೇಲೆ?"

"ಆಮೇಲೆ ಓಡಿದೆ. ಮೆಟ್ಟಿಲ ತಿರುವಲ್ಲಿ ತಿರುಗಿ ನೋಡ್ದೆ. ನೀವು ಬಸ್ಸೊಳಗೆ ಎದ್ದು ಓಡಾಡ್ತಿದ್ರಿ. ಮುಖ ಎಲ್ಲಾ ರಕ್ತ. ಒಬ್ಬೊಬ್ಬರನ್ನೂ ಮುಟ್ಟಿ ಮುಟ್ಟಿ ಕೇಳ್ತಿದ್ರಿ. ನಿಮ್ಮನ್ನ ಯಾರೂ ಕೇಳ್ತಿರ್ಲಿಲ್ಲ." ಅವಳು ಕೈಯಲ್ಲಿದ್ದ ಕಾಗದವನ್ನು ಇನ್ನೊಮ್ಮೆ ಮಡಚಿದಳು. "ನಾನು ಇಳಿದು ಬರಬಹುದಿತ್ತು. ಎಂಟು ಮೆಟ್ಟಿಲು ಅಷ್ಟೆ ಇದ್ದಿದ್ದು. ಬರ್ಲಿಲ್ಲ."

ಡ್ರೈವರಮ್ಮ ಹುಬ್ಬಿನ ಗಾಯದ ಗುರುತು ಮುಟ್ಟಿಕೊಂಡಳು. ಅಷ್ಟು ಜನ ಹೊಗಳಿದ್ದರು, ಫೋಟೋ ತೆಗೆದಿದ್ದರು, ಧೈರ್ಯ ಮೆಚ್ಚಿದ್ದರು. ನಿನಗೇನಾಯಿತು ಎಂದು ಯಾರೂ ಕೇಳಿರಲಿಲ್ಲ, ನಿಜ. ಅದನ್ನು ಗಮನಿಸಿದವಳು ಕಲ್ಲು ಹಾಕಿ ಓಡಿಹೋದ ಈ ಹುಡುಗಿ ಒಬ್ಬಳೇ. ಇಂಥದ್ದೊಂದನ್ನು ಮಗು ಮುಚ್ಚಿಡದೆ ಹೇಳಿದ ಮೇಲೆ ತಾನು ನಾಯಿಯ ಕಥೆ ಹಿಡಿದುಕೊಂಡು ಕೂರುವುದು ಆಕೆಗೆ ನಾಚಿಕೆಯೆನ್ನಿಸಿತು.

"ನನಗೆ ಕುತ್ತಿಗೆ ನೋವಿಲ್ಲ," ಎಂದಳು ಆಕೆ, ಯಾರ ಮುಖವನ್ನೂ ನೋಡದೆ. "ನನಗೆ ಹೆದರಿಕೆ. ಆ ಸೇತುವೆ ಕಂಡ್ರೆ ಕಾಲು ನನ್ನ ಮಾತು ಕೇಳಲ್ಲ. ನಾಯಿನೂ ಬಂದಿರ್ಲಿಲ್ಲ, ನರಿನೂ ಬಂದಿರ್ಲಿಲ್ಲ."

"ಕುತ್ತಿಗೆ ಚೆನ್ನಾಗಿದೆ ಅಂತ ನನ್ನ ಕೈಗೆ ಗೊತ್ತಿತ್ತು," ಎಂದ ಗಂಡ ಮೆಲ್ಲಗೆ.

ಮ್ಯಾನೇಜರು ಕೆಮ್ಮಿದರು. ಇದನ್ನು ಮೊದಲೇ ಹೇಳಬಹುದಿತ್ತಲ್ಲ ಎಂದರು.

"ಹೇಳಿದ್ರೆ, ನೋಡಿ ಹೆಂಗಸರ ಹಣೆಬರಹ ಇಷ್ಟೇ ಅಂತಿದ್ರಿ ಸರ್."

ಮ್ಯಾನೇಜರು ಫೈಲಿನ ದಾರವನ್ನು ಬೆರಳಿಗೆ ಸುತ್ತಿ ಬಿಚ್ಚಿದರು. "ಅಂತಿದ್ವಿ," ಎಂದರು ಕೊನೆಗೆ. ಆ ಫೈಲನ್ನು ಅವರು ಅವತ್ತು ತೆರೆಯಲೇ ಇಲ್ಲ.

ಆದ ಹಾನಿಯನ್ನು ತುಂಬುವ ಮಾತು ಬಂತು. ಅಜ್ಜ ಡಿಪೋದ ಕೆಟ್ಟ ಬೀಗಗಳನ್ನೆಲ್ಲ ಬಿಟ್ಟಿಯಾಗಿ ಸರಿಮಾಡಿಕೊಡುತ್ತೇನೆಂದ. ಕುರ್ಚಿ ಅಮ್ಮ, ಅದು ನಿಮ್ಮ ದೊಡ್ಡ ಮನಸ್ಸು, ಆದರೆ ಮಾಡಿದವಳು ಏನು ಮಾಡುತ್ತಾಳೆಂದು ಕೇಳೋಣ ಎಂದು ಹುಡುಗಿಯತ್ತ ತಿರುಗಿದರು. ಅವಳು ಸೀಟು ತೊಳೆಯುವುದು, ನೆಲ ಗುಡಿಸುವುದು ಎಂದು ಏನೇನೋ ಶುರುಮಾಡಿ ನಿಲ್ಲಿಸಿದಳು.

"ನಾನು ಸೇತುವೆ ಮೇಲೆ ನಿಂತ್ಕೋತೀನಿ," ಎಂದಳು. "ದಿನಾ, ನಿಮ್ಮ ಬಸ್ ಬರೋ ಹೊತ್ತಿಗೆ. ಆಗ ಮೇಲೆ ಯಾರಿದಾರೆ ಅಂತ ನಿಮಗೆ ಗೊತ್ತಿರುತ್ತೆ."

ದರ್ಜಿಗೆ ತಡೆಯಲಾಗಲಿಲ್ಲ. ಕಲ್ಲು ಹಾಕಿದವಳನ್ನೇ ಕಾವಲಿಗೆ ಇಡುವುದೆಂದರೆ ಬಟ್ಟೆ ಕಾಯಲು ಕತ್ತರಿಯನ್ನು ಕೂರಿಸಿದ ಹಾಗಲ್ಲವೇ ಎಂದ. ಮ್ಯಾನೇಜರಿಗೂ ಅದು ಹುಚ್ಚುಮಾತೆನ್ನಿಸಿತು. ಕುರ್ಚಿ ಅಮ್ಮ ಮಾತ್ರ ಡ್ರೈವರಮ್ಮನ ಮುಖವನ್ನೇ ನೋಡುತ್ತಿದ್ದರು. ಆಕೆ ಕಣ್ಣು ಮುಚ್ಚಿ, ಆ ರಸ್ತೆ, ಆ ಸೇತುವೆ, ಅದರ ಮೇಲೊಂದು ಗುರುತಿನ ಮುಖ, ಹೀಗೆ ಕಲ್ಪಿಸಿಕೊಂಡು ನೋಡಿದಳು. ಗುರುತಿಲ್ಲದ ನೂರು ಜನಕ್ಕಿಂತ ಅದು ವಾಸಿ ಎನ್ನಿಸಿತು.

"ಎರಡೂ ಕೈ ಕಂಬಿ ಮೇಲಿರಬೇಕು," ಎಂದಳು. "ನನಗೆ ಕಾಣೋ ಹಾಗೆ."

ನಲವತ್ತು ದಿನವೆಂದು ಬರೆದು ಎಲ್ಲರೂ ಸಹಿ ಹಾಕಿದರು. ಮಂಡಳಿ ಒಪ್ಪಿತು.

ಡ್ರೈವರಮ್ಮ ಮೈಕು ಬಿಟ್ಟು ಮತ್ತೆ ಹದಿನೇಳನೇ ನಂಬರು ಹತ್ತಿದಳು, ಆದರೆ ಮೊದಲು ಕೆಲವು ದಿನ ಬಸ್ಸಿನಲ್ಲಿ ಪ್ರಯಾಣಿಕರಿರಲಿಲ್ಲ. ಪಕ್ಕದಲ್ಲಿ ಒಬ್ಬ ಹಿರಿಯ ತರಬೇತುದಾರ ಕೂತಿರುತ್ತಿದ್ದ. ಮೊದಲ ದಿನ ಸೇತುವೆ ಕಂಡದ್ದೇ ಕಾಲು ಮತ್ತೆ ಬ್ರೇಕಿಗೆ ಹೋಯಿತು, ಬಸ್ಸು ನಿಂತಿತು. ಮೇಲೆ ಕಂಬಿಯ ಹಿಂದೆ ನೀಲಿ ಸಮವಸ್ತ್ರದ ಹುಡುಗಿ, ಎರಡೂ ಅಂಗೈ ಕಂಬಿಯ ಮೇಲೆ ಅಂಟಿಸಿದಂತೆ. ಹಿಂದಿನ ವಾಹನಗಳು ಹಾರ್ನ್ ಬಾರಿಸುತ್ತಲೇ ಇದ್ದವು. ತರಬೇತುದಾರ ಏನೂ ಹೇಳಲಿಲ್ಲ, ಹೇಳಬಾರದೆಂದು ಮ್ಯಾನೇಜರು ಅವನಿಗೆ ಮೊದಲೇ ತಿಳಿಸಿದ್ದರು. ಡ್ರೈವರಮ್ಮ ಆ ಕೈಗಳನ್ನು ನೋಡುತ್ತ, ಎತ್ತಿನ ಗಾಡಿ ಹೊಡೆದಂತೆ ಬಸ್ಸನ್ನು ಸೇತುವೆಯ ಕೆಳಗಿಂದ ದಾಟಿಸಿದಳು. ಆಚೆ ಹೋದ ಮೇಲೆ ಬೆನ್ನು ಪೂರ್ತಿ ಒದ್ದೆಯಾಗಿತ್ತು.

ಮೇಲಿದ್ದವಳಿಗೂ ಅದು ಸುಖದ ಕೆಲಸವಾಗಿರಲಿಲ್ಲ. ಯಾಕೆ ನಿಂತಿದ್ದೀಯ, ಯಾರಿಗೆ ಕಾಯುತ್ತೀಯ ಎಂದು ದಾರಿಹೋಕರು ಕೇಳುತ್ತಿದ್ದರು. ಮೊದಮೊದಲು ಸುಮ್ಮನಿರುತ್ತಿದ್ದಳು, ಆಮೇಲೆ ಇದ್ದದ್ದನ್ನು ಇದ್ದಹಾಗೆ ಹೇಳತೊಡಗಿದಳು. ಕೇಳಿದವರು ಕೆಲವರು ದೂರ ಸರಿದರು. ಒಬ್ಬ ಮುದುಕಿ ಪಕ್ಕದಲ್ಲೇ ನಿಂತು ಬಸ್ಸು ಹೋಗುವುದನ್ನು ನೋಡಿ ಹೋದಳು. ಹಳೆಯ ಗೆಳತಿಯರಿಬ್ಬರು ಒಂದು ದಿನ ಬಂದು ನಕ್ಕರು. ಅವಳು ತಿರುಗಲಿಲ್ಲ, ಕೈ ತೆಗೆಯುವ ಹಾಗಿರಲಿಲ್ಲವಲ್ಲ. ಮಾರನೇ ವಾರ ಅವರಲ್ಲೊಬ್ಬಳು ಒಂಟಿಯಾಗಿ ಬಂದು, ದೊಡ್ಡ ಕಲ್ಲು ಅಂತ ಹೇಳಿದ್ದು ನಾನೇ ಎಂದಳು. ಗೊತ್ತು ಎಂದಳು ಫಿರಂಗಿ. ಅವಳೂ ಕಂಬಿ ಹಿಡಿದು ನಿಂತಳು. ಇನ್ನೊಬ್ಬಳು ಬರಲೇ ಇಲ್ಲ.

ಹತ್ತನೇ ದಿನದ ಹೊತ್ತಿಗೆ ಬಸ್ಸು ನಿಲ್ಲುವುದು ತಪ್ಪಿ, ನಿಧಾನವಾಗುವುದು ಮಾತ್ರ ಉಳಿಯಿತು. ಹನ್ನೆರಡನೇ ದಿನದಿಂದ ಪ್ರಯಾಣಿಕರು ಹತ್ತತೊಡಗಿದರು. ಅದಾಗಿ ಎರಡು ದಿನಕ್ಕೆ ಡ್ರೈವರಮ್ಮ ಸೇತುವೆ ದಾಟುವ ಮುಂಚೆ ಸ್ಟಿಯರಿಂಗಿನ ಮೇಲಿಂದ ಒಂದು ಬೆರಳು ಎತ್ತಿದಳು. ಮೇಲೆ ಹುಡುಗಿಗೆ ಏನು ಮಾಡಬೇಕೋ ತೋಚಲಿಲ್ಲ. ಕೈ ಬೀಸಿದರೆ ಮಾತು ತಪ್ಪಿದಂತೆ. ತಾನೂ ಒಂದು ಬೆರಳು ಮಾತ್ರ ಎತ್ತಿದಳು.

ಇಪ್ಪತ್ತಾರನೇ ದಿನ ಕಂಬಿಯ ಹಿಂದೆ ಯಾರೂ ಇರಲಿಲ್ಲ.

ಡ್ರೈವರಮ್ಮನಿಗೆ ದೂರದಿಂದಲೇ ಕಂಡಿತು. ಜ್ವರವೇನಾದರೂ ಬಂತೇ, ಮುದುಕನಿಗೆ ಏನಾದರೂ ಆಯಿತೇ, ರಸ್ತೆ ದಾಟುವಾಗ ಯಾವನಾದರೂ ಗುದ್ದಿದನೇ. ಹಾಳಾದವಳು, ನಿನ್ನೆ ಕೆಮ್ಮುತ್ತಿದ್ದ ಹಾಗಿತ್ತು. ಒಂದು ಮಾತು ಹೇಳಿ ಕಳಿಸಬಾರದೇ. ಹೀಗೆ ಬೈದುಕೊಳ್ಳುತ್ತಲೇ ಇದ್ದಳು. ಯಾರನ್ನು ಬೈಯುತ್ತಿದ್ದೀರಿ ಎಂದು ಕಂಡಕ್ಟರ್ ಕೇಳಿದಾಗ ಸುತ್ತ ನೋಡಿದರೆ ಮಾರುಕಟ್ಟೆಯ ನಿಲ್ದಾಣ. ಸೇತುವೆ ಹಿಂದೆ ಬಿದ್ದು ಆಗಲೇ ಎರಡು ನಿಲ್ದಾಣವಾಗಿತ್ತು.

ಪಾಳಿ ಮುಗಿಸಿ ಆಕೆ ಡಿಪೋದಿಂದ ಹೊರಡುವ ಹೊತ್ತಿಗೆ ಹುಡುಗಿ ಗೇಟಿನ ಹತ್ತಿರ ಏದುಸಿರು ಬಿಡುತ್ತ ನಿಂತಿದ್ದಳು. ಮೊಣಕಾಲ ತನಕ ಮೈದಾನದ ಧೂಳು. ಆಟದ ಮೇಷ್ಟ್ರು ಮಧ್ಯಾಹ್ನ ಇದ್ದಕ್ಕಿದ್ದಂತೆ ಕರೆದು ಗುಂಡು ಎಸೆಸಿದರಂತೆ, ತಂಡಕ್ಕೆ ಮತ್ತೆ ಸೇರಿಸಿಕೊಂಡರಂತೆ. ಎಷ್ಟು ಬೇಡಿದರೂ ನಾಲ್ಕು ಗಂಟೆಗೆ ಬಿಡಲಿಲ್ಲವಂತೆ. ಒಂದೇ ಉಸಿರಿಗೆ ಇಷ್ಟನ್ನೂ ಹೇಳಿ, ಇನ್ನೊಂದು ದಿನ ಜಾಸ್ತಿ ನಿಲ್ಲುತ್ತೇನೆ ಎಂದಳು.

"ನಿಲ್ಲದೆ ಏನು ಮಾಡ್ತೀಯ," ಎಂದಳು ಡ್ರೈವರಮ್ಮ. "ನನ್ನ ಜೀವ ಬಾಯಿಗೆ ಬಂದಿತ್ತು. ಸತ್ತಿದೀಯೋ ಬದುಕಿದೀಯೋ ಅಂತ."

"ಬಸ್ ನಿಂತೋಯ್ತಾ ಆಂಟಿ?"

"ಇಲ್ಲ. ಹೆದರಿಕೊಳ್ಳೋದೇ ಮರೆತೋಯ್ತು." ಹೇಳಿದ ಮೇಲೆ ಆಕೆಗೇ ಅದು ಹೊಸದಾಗಿ ಕೇಳಿಸಿತು. "ಮನೆಗೆ ಹೋಗು. ನಿಮ್ಮಜ್ಜ ಕಾಯ್ತಿರ್ತಾರೆ."

ಹುಡುಗಿ ನಲವತ್ತೊಂದನೇ ದಿನದ ತನಕ ನಿಂತಳು. ಮಂಡಳಿ ಪ್ರಕರಣವನ್ನು ಮುಗಿಸಿತು. ಎಲ್ಲವೂ ಸರಿಹೋಯಿತೆಂದಲ್ಲ. ಮುಸ್ಸಂಜೆಯ ಮಸುಕಿನಲ್ಲಿ ಆ ಸೇತುವೆಯ ಕೆಳಗೆ ಹೋಗಬೇಕಾದಾಗ ಡ್ರೈವರಮ್ಮನ ಅಂಗೈ ಈಗಲೂ ಬೆವರುತ್ತದೆ. ಅಂಥ ದಿನ ಆಕೆ ಅದನ್ನು ಮ್ಯಾನೇಜರಿಗೆ ಹೇಳಿ ಬೇರೆ ರೂಟು ಕೇಳಿ ಪಡೆಯುತ್ತಾಳೆ. ಅವರೂ ಕೊಡುತ್ತಾರೆ. ಅದಾದ ಮೇಲೆ ಒಬ್ಬ ಗಂಡಸು ಡ್ರೈವರ್ ಮೆಲ್ಲಗೆ ಮ್ಯಾನೇಜರ ಕೋಣೆಗೆ ಹೋಗಿ, ರೈಲ್ವೆ ಗೇಟಿನ ಹತ್ತಿರ ತನಗೂ ಹೀಗೇ ಆಗುತ್ತದೆ, ನಾಲ್ಕು ವರ್ಷದಿಂದ ಎಂದನಂತೆ.

ಜಿಲ್ಲಾ ಮಟ್ಟದ ಸ್ಪರ್ಧೆ ನಡೆದದ್ದು ಹದಿನೇಳನೇ ನಂಬರಿನ ಕೊನೆಯ ನಿಲ್ದಾಣದ ಹತ್ತಿರದ ಮೈದಾನದಲ್ಲಿ. ಸಂಜೆ ಅಜ್ಜನೂ ಮೊಮ್ಮಗಳೂ ಅದೇ ಬಸ್ಸು ಹತ್ತಿದರು. ಹುಡುಗಿಯ ಮುಖ ಊದಿಕೊಂಡಿತ್ತು. ನಾಲ್ಕನೇ ಸ್ಥಾನ. ಮೂರನೆಯವಳು ಮುಂದಿದ್ದದ್ದು ಒಂದು ಹೆಬ್ಬೆರಳಿನಷ್ಟು ಮಾತ್ರ, ಅಳೆದವರ ಕಣ್ಣು ಸರಿಯಿರಲಿಲ್ಲ ಎಂದು ಅವಳ ದೂರು.

"ಹೆಬ್ಬೆರಳಷ್ಟು ತಾನೆ," ಎಂದಳು ಡ್ರೈವರಮ್ಮ ಕನ್ನಡಿಯಲ್ಲಿ ನೋಡುತ್ತ. "ಇನ್ನೂ ಬೆಳೆಯೋ ವಯಸ್ಸು. ಕೂತ್ಕೋ, ಬೀಳ್ತೀಯ."

ಅಜ್ಜ ಆಗಲೇ ಪಕ್ಕದ ಸೀಟಿನವರಿಗೆ, ಇಡೀ ಜಿಲ್ಲೆಯಲ್ಲಿ ನಾಲ್ಕನೆಯವಳು ಎಂದರೆ ಎಂಥ ದೊಡ್ಡ ಸಂಗತಿ ಎಂಬುದನ್ನು ವಿವರಿಸಲು ತೊಡಗಿದ್ದ. ಹುಡುಗಿ ಅವನ ತೋಳು ಜಗ್ಗುತ್ತಿದ್ದಳು. ಬಾಗಿಲು ಮುಚ್ಚಿತೆಂದು ಕಂಡಕ್ಟರ್ ಸೀಟಿ ಊದಿದ. ಡ್ರೈವರಮ್ಮ ಗೇರು ಹಾಕಿದಳು.